ಮುಖವಿಲ್ಲದ ಗವಿ, ಕೈಯಿಲ್ಲದ ಪಟ

ಬನ್ನಿ, ಹತ್ತಿರ ಬಂದು ಕೂತುಕೊಳ್ಳಿ. ಆ ಫೋನುಗಳನ್ನು ಸ್ವಲ್ಪ ಹೊತ್ತು ಮಗುಚಿ ಇಡಿ. ಎಡಕ್ಕೆ ತಳ್ಳಬೇಕಾದವರನ್ನು ಆಮೇಲೆ ತಳ್ಳಿದರಾಯಿತು, ಅವರೇನೂ ಓಡಿಹೋಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಭಯವಾಗುವ ಜಾಗ ಒಂದಿದೆ, ಆದರೆ ಅಲ್ಲಿಂದ ಎಲ್ಲರೂ ಕ್ಷೇಮವಾಗಿ ಮನೆ ಸೇರುತ್ತಾರೆ. ನಿಮ್ಮನ್ನು ಅಳಿಸಿ ಆಮೇಲೆ ಸಮಾಧಾನ ಮಾಡುವ ಶಕ್ತಿ ಈ ವಯಸ್ಸಿನಲ್ಲಿ ನನಗಿಲ್ಲ.

ಸುಣ್ಣದಕೋಟೆ ಅಂತ ಒಂದು ರಾಜ್ಯ. ನಂದಿಭೂಪ ಅಂತ ಅದಕ್ಕೊಬ್ಬ ರಾಜ. ಅಲ್ಲಿಯ ಜನಕ್ಕೆ ಸುಣ್ಣ ಎಂದರೆ ಪ್ರಾಣ. ಮನೆ ಗೋಡೆಗೆ ಸುಣ್ಣ, ಬಾವಿ ಕಟ್ಟೆಗೆ ಸುಣ್ಣ, ಬೇವಿನ ಮರದ ಬುಡಕ್ಕೂ ಸುಣ್ಣ. ಕೈ ಸುಟ್ಟುಕೊಂಡರೆ ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚುತ್ತಿದ್ದರು. ಬೇರೆ ಯಾವ ಸೀಮೆಯಲ್ಲೂ ಆ ಮದ್ದು ಇರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಊರಿನಲ್ಲಿ ಮದುವೆ ಎಂದರೆ ಪಟ. ಹಲಸಿನ ಹಲಗೆಯ ಮೇಲೆ ಗಂಡಿನ ಮುಖ ಬರೆದು, ಪಟಸಾಲೆ ಎಂಬ ಉದ್ದನೆಯ ಚಾವಡಿಯಲ್ಲಿ ಹಗ್ಗಕ್ಕೆ ತೂಗುಹಾಕುತ್ತಿದ್ದರು. ಹೆಣ್ಣು ಉಯ್ಯಾಲೆ ಮೇಲೆ ಕೂತು ನೋಡಬೇಕು. ಬೇಡ ಎಂದರೆ ಆಳು ಬಿದಿರು ಕೋಲಿನಿಂದ ಪಟವನ್ನು ಎಡಕ್ಕೆ ತಳ್ಳುತ್ತಿದ್ದ. ಬೇಕು ಎಂದರೆ ಬಲಕ್ಕೆ ತಳ್ಳುತ್ತಿದ್ದ. ನಗಬೇಡಿ. ನೀವು ಬೆರಳಲ್ಲಿ ತಳ್ಳುತ್ತೀರಿ, ಅವರು ಕೋಲಲ್ಲಿ ತಳ್ಳುತ್ತಿದ್ದರು. ಅವರಿಗೆ ತೋಳು ನೋಯುತ್ತಿತ್ತು, ನಿಮಗೆ ಹೆಬ್ಬೆರಳು ನೋಯುತ್ತದೆ.

ಆ ಪಟಗಳಲ್ಲಿ ತಲೆಯಿಂದ ಎದೆಯ ತನಕ ಮಾತ್ರ ಬರೆಯುತ್ತಿದ್ದರು. ಕೈ ಬರೆಯುತ್ತಿರಲಿಲ್ಲ. ಯಾಕೆ? ಕೈ ಬರೆಯುವುದು ಕಷ್ಟ. ಐದು ಬೆರಳು, ಒಂದೊಂದೂ ಒಂದೊಂದು ಉದ್ದ. ಸ್ವಲ್ಪ ತಪ್ಪಿದರೂ ಮೂಲಂಗಿ ಕಟ್ಟಿನಂತೆ ಕಾಣುತ್ತದೆ. ಯಾವನೋ ಹಳೆಯ ಚಿತ್ರಗಾರ ಕೈ ಬರೆಯುವುದನ್ನು ಬಿಟ್ಟ. ಅವನ ಶಿಷ್ಯನೂ ಬಿಟ್ಟ. ಶಿಷ್ಯನ ಶಿಷ್ಯನೂ ಬಿಟ್ಟ. ಬರೆಯದೆ ಬರೆಯದೆ, ಸುಣ್ಣದಕೋಟೆಯ ಜನಕ್ಕೆ ಇನ್ನೊಬ್ಬರ ಕೈ ನೋಡುವ ಅಭ್ಯಾಸವೇ ತಪ್ಪಿಹೋಯಿತು.

ಇನ್ನೊಂದು ಕಟ್ಟಳೆಯಿತ್ತು. "ಪಟ ಒಪ್ಪಿದ ಮೇಲೆ ಮಾತು ಮುಗಿಯಿತು." ಒಪ್ಪಿದವರು ಹಿಂದೆ ಸರಿಯುವಂತಿಲ್ಲ, ಮದುವೆಯಾದವರು ತೌರಿಗೆ ತಿರುಗಿ ಬರುವಂತಿಲ್ಲ.

ರಾಜನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡಾಜಿ ಮತ್ತು ಪುಟ್ಟಾಜಿ. ದೊಡ್ಡಾಜಿ ಮೂರು ವರ್ಷದ ಹಿಂದೆ, ಪಟದಲ್ಲಿ ಚೆಂದವಾಗಿ ನಗುತ್ತಿದ್ದ ಒಬ್ಬ ದೊರೆಮಗನನ್ನು ಬಲಕ್ಕೆ ತಳ್ಳಿಸಿದಳು. ಮದುವೆಯಾಗಿ ಹೋದ ಮೇಲೆ ಗೊತ್ತಾಯಿತು, ಆ ನಗು ಬಣ್ಣದಲ್ಲಿ ಮಾತ್ರ ಇತ್ತು. ಗಂಡ ಮಾತುಮಾತಿಗೆ ಕೈ ಎತ್ತುತ್ತಿದ್ದ. ಪಟದಲ್ಲಿ ಬರೆಯದೆ ಬಿಟ್ಟಿದ್ದ ಕೈ. ಒಮ್ಮೆ ಬಳೆಗಾರನ ಬಾಯಲ್ಲಿ ತಂಗಿಗೆ ಮಾತು ಕಳಿಸಿದಳು, "ಪುಟ್ಟೂ, ಪಟ ನಂಬಬೇಡ." ರಾಜನಿಗೂ ಎಲ್ಲ ಗೊತ್ತಿತ್ತು. ಆದರೆ ಕಟ್ಟಳೆ ಮೀರುವ ಧೈರ್ಯ ಅವನಿಗೆ ಇರಲಿಲ್ಲ. ಮಗಳ ನೆನಪಾದಾಗಲೆಲ್ಲ ಊಟದ ಎಲೆಯ ಮುಂದೆ ಉಣ್ಣದೆ ಕೂತುಬಿಡುತ್ತಿದ್ದ.

ಈಗ ಪುಟ್ಟಾಜಿಯ ಸರದಿ. ರಾಜನಿಗೆ ಗಂಡುಮಕ್ಕಳಿಲ್ಲ, ಅವಳ ಕೈಹಿಡಿದವನಿಗೇ ಸಿಂಹಾಸನ.

ಪಟಸಾಲೆಯ ಪಾರುಪತ್ಯಗಾರ ಸಿಂಗಾರಯ್ಯ. ಪಟ ಬರೆಯುವವನೂ ಅವನೇ, ತೂಗುಹಾಕುವವನೂ ಅವನೇ. ತುಪ್ಪದ ಗಡಿಗೆ ಕಳಿಸಿದವನ ಮೂಗು ಅವನ ಕುಂಚದಲ್ಲಿ ನೆಟ್ಟಗಾಗುತ್ತಿತ್ತು. ಹುಂಜ ಕಳಿಸಿದವನ ಬೋಳುತಲೆಯಲ್ಲಿ ಕೂದಲು ಹುಟ್ಟುತ್ತಿತ್ತು. ಏನೂ ಕಳಿಸದವನಿಗೆ ಮೆಳ್ಳೆಗಣ್ಣು. ಸಿಂಹಾಸನದ ಮಾತು ಬಂದಾಗ ಅವನ ಬಾಯಲ್ಲಿ ನೀರೂರಿತು. ಅವನಿಗೊಬ್ಬ ಅಕ್ಕನ ಮಗ, ಹೆಸರು ಜಂಬಣ್ಣ. ಉಣ್ಣುವುದು, ಮಲಗುವುದು, ಎದ್ದು ಮತ್ತೆ ಉಣ್ಣುವುದು, ಇವು ಮೂರೇ ಅವನ ಕಸುಬು. ಅಂಥವನನ್ನು ಸಿಂಹಾಸನದ ಮೇಲೆ ಕೂರಿಸಿದರೆ ರಾಜ್ಯ ಆಳುವುದು ಯಾರು? ಮಾವನೇ!

ಸಿಂಗಾರಯ್ಯ ಏನು ಮಾಡಿದ ಗೊತ್ತೇ? ನಿಮ್ಮ ಕಿವಿಗೆ ಮಾತ್ರ ಹೇಳುತ್ತೇನೆ. ಇನ್ನೂರು ಪಟ ಬರೆದ. ನೂರ ತೊಂಬತ್ತೇಳು ಪಟ ಕೆಡಿಸಿ ಬರೆದ, ಮೂರು ಪಟ ಚೆಂದ ಬರೆದ. ಒಂದಕ್ಕೆ ಕೆಂಪು ಪೇಟ, ಚಿಗುರು ಮೀಸೆ, "ಮೂಡಲ ಸೀಮೆಯ ರಾಜಕುಮಾರ." ಇನ್ನೊಂದಕ್ಕೆ ಹಳದಿ ಪೇಟ, ಗಡ್ಡ, "ಪಡುವಲ ಸೀಮೆಯ ರಾಜಕುಮಾರ." ಮತ್ತೊಂದಕ್ಕೆ ಹಸುರು ಪೇಟ, ಕೆನ್ನೆ ತುಂಬ ಮೀಸೆ, "ತೆಂಕಲ ಸೀಮೆಯ ರಾಜಕುಮಾರ." ಮೂರೂ ಜಂಬಣ್ಣನೇ!

ಪುಟ್ಟಾಜಿ ಒಂದು ತಿಂಗಳು ಉಯ್ಯಾಲೆ ಮೇಲೆ ಕೂತಳು. ಎಡಕ್ಕೆ, ಎಡಕ್ಕೆ, ಎಡಕ್ಕೆ. ಕೊನೆಗೆ ಯಾರ ಮೂಗು ಯಾರದು, ಯಾರ ಕಿವಿ ಯಾರದು ಎಂದು ತಿಳಿಯದೆ ತಲೆ ಗಿರ್ರನೆ ತಿರುಗಿತು. ಸಾಕಾಗಿ ಹೋಗಿ ಆ ಮೂರು ಪಟವನ್ನು ಬಲಕ್ಕೆ ತಳ್ಳಿಸಿದಳು. ನಾಲ್ಕನೆಯ ದಿನ ಬೆಳಗ್ಗೆ ಮೂವರಲ್ಲಿ ಒಬ್ಬರನ್ನು ಆರಿಸಬೇಕು, ಆ ದಿನವೇ ಧಾರೆ ಎಂದು ರಾಜ ಸಾರಿಸಿದ.

ಪುಟ್ಟಾಜಿ ಅರಮನೆಯ ಅಡುಗೆಮನೆಗೆ ಹೋಗಿ, ಆರಿದ ಒಲೆಯ ಮುಂದೆ ಕೂತು ಅತ್ತಳು.

ಅಲ್ಲಿಗೆ ಬಂದವಳು ಬೊಮ್ಮಜ್ಜಿ. ಅರಮನೆಯ ನಲವತ್ತು ಒಲೆಗಳಿಗೆ ಬೆಳಗಾದರೆ ಕೆಂಡ ಹಾಕುವ ಮುದುಕಿ. ಅವಳು ಊರಿನವಳಲ್ಲ, ಬೆಟ್ಟದ ಗವಿಯ ಕಡೆಯವಳು. ಹಿಂದೆ, ಹಿಂದೆ, ಇನ್ನೂ ಹಿಂದೆ, ಬಟ್ಟೆ ಬರುವ ಮೊದಲು, ನೇಗಿಲು ಬರುವ ಮೊದಲು, ಮನುಷ್ಯರೆಲ್ಲ ಹೇಗಿದ್ದರೋ, ಅವರ ಕೆಲವು ಪದ್ಧತಿ ಆ ಗವಿಯ ಜನರಲ್ಲಿ ಉಳಿದಿತ್ತು. ಊರಿನವರು ಅವರನ್ನು ಆಡಿಕೊಳ್ಳುತ್ತಿದ್ದರು.

"ಯಾಕವ್ವ ತಾಯಿ, ಹೊಗೆ ಇಲ್ಲದ ಒಲೆ ಮುಂದೆ ಕಣ್ಣೀರು?" ಎಂದಳು ಬೊಮ್ಮಜ್ಜಿ.

ಪುಟ್ಟಾಜಿ ಎಲ್ಲ ಹೇಳಿದಳು. ಆಮೇಲೆ ಮೂಗು ಒರೆಸಿಕೊಂಡು ಅಂದಳು, "ಅಜ್ಜಿ, ನಿಮ್ಮ ಗವಿಯವರೇ ವಾಸಿನೇನೋ. ಹೆಣ್ಣು ಇಷ್ಟ ಆದ್ರೆ ದೊಣ್ಣೇಲಿ ಹೊಡೆದು, ಜಡೆ ಹಿಡಿದು ಎಳ್ಕೊಂಡು ಹೋಗ್ತಿದ್ರಂತೆ. ಯೋಚನೆ ಮಾಡೋ ಕಷ್ಟಾನೇ ಇಲ್ಲ."

ಬೊಮ್ಮಜ್ಜಿ ನಕ್ಕಳು ನೋಡಿ, ಬಾಯಲ್ಲಿದ್ದ ಎರಡು ಹಲ್ಲೂ ಕಾಣುವಂತೆ.

"ಯಾರವ್ವ ಹಂಗಂದೋರು? ನೋಡ್ದೋರು ಯಾರು? ಗೆಡ್ಡೆ ಅಗೆದು ತರೋಳು ಹೆಂಗ್ಸು. ಬೆಂಕಿ ಕಾಯೋಳು ಹೆಂಗ್ಸು. ಅವಳ ಜಡೆ ಎಳೆದೋನು ಆವತ್ತು ಹಸಿ ಗೆಡ್ಡೆ ತಿಂದು ಮಲಗ್ಬೇಕಾಗ್ತಿತ್ತು. ಒರಟು ಗಂಡಸ್ರು ಇರ್ಲಿಲ್ಲ ಅಂತ ನಾನು ಸುಳ್ಳು ಹೇಳಾಕಿಲ್ಲ, ಇದ್ರು. ಒರಟಂಗೆ ಯಾರೂ ಕೆಂಡ ಕೊಡ್ತಿರ್ಲಿಲ್ಲ. ಕೆಂಡ ಇಲ್ದೋನು ಎಷ್ಟು ದಿನ ಮೆರೀತಾನೆ?"

"ಹಾಗಾದ್ರೆ ಹೆಂಗೆ ಆರಿಸ್ತಿದ್ರು?"

"ಬಾ, ತೋರಿಸ್ತೀನಿ."

ಬಿಸಿಲೇರುವ ಮೊದಲು ಇಬ್ಬರೂ ಬೆಟ್ಟ ಹತ್ತಿದರು. ಗವಿಯ ಒಳಗೆ ಗೋಡೆ ತುಂಬ ಕೆಮ್ಮಣ್ಣಿನ ಹಸ್ತದ ಗುರುತುಗಳು. ದೊಡ್ಡ ಕೈ, ಸಣ್ಣ ಕೈ, ಒಂದು ಬೆರಳು ಇಲ್ಲದ ಕೈ. ಎಲ್ಲವೂ ಜೋಡಿ ಜೋಡಿ. ಪುಟ್ಟಾಜಿ ಗೋಡೆಯ ಉದ್ದಕ್ಕೂ ಹುಡುಕಿದಳು. ಒಂದೇ ಒಂದು ಮುಖ ಇರಲಿಲ್ಲ.

"ಮುಖ ಯಾಕೆ ಬರೆದಿಲ್ಲ, ಅಜ್ಜಿ?"

"ಮುಖ ವರ್ಷಕ್ಕೊಂದು ಥರ ಆಗ್ತದೆ ಕಣವ್ವ. ಕೂಸು ಎತ್ತೋದು ಕೈ. ಜ್ವರ ಬಂದ್ರೆ ಹಣೆ ಮುಟ್ಟೋದು ಕೈ. ಹೊಡೆಯೋದೂ ಕೈಯೇ. ಅದ್ಕೇ ಮೊದ್ಲು ಕೈ ನೋಡೋರು."

ಹೊಡೆಯುವ ಕೈ ಎಂದಾಗ ಪುಟ್ಟಾಜಿಗೆ ಅಕ್ಕನ ನೆನಪಾಯಿತು.

ಬೊಮ್ಮಜ್ಜಿ ಪದ್ಧತಿ ಹೇಳಿಕೊಟ್ಟಳು. ಒಣಗಿದ ಆನೆ ಲದ್ದಿಯ ಉಂಡೆಯೊಳಗೆ ಒಂದು ಕೆಂಡ ಇಡಬೇಕು. ಸುತ್ತಲೂ ಹಸಿ ಎಲೆ ಸುತ್ತಬೇಕು. ಹೆಣ್ಣು ಗಂಡು ಇಬ್ಬರೇ ಅದನ್ನು ಹೊತ್ತು ಒಂದು ಒಲೆಯಿಂದ ಇನ್ನೊಂದು ಒಲೆಗೆ ನಡೆಯಬೇಕು. ನೂರು ಹೆಜ್ಜೆಗೊಮ್ಮೆ ಬಿಚ್ಚಿ ಊದಬೇಕು. ಜೋರಾಗಿ ಊದಿದರೆ ಕೆಂಡ ಬೇಗ ಉರಿದು ತೀರುತ್ತದೆ, ಊದದಿದ್ದರೆ ಆರುತ್ತದೆ. ಒಬ್ಬರು ಹೊತ್ತಾಗ ಇನ್ನೊಬ್ಬರು ಗಾಳಿಗೆ ಅಡ್ಡ ನಿಲ್ಲಬೇಕು.

"ಕೆಂಡ ಆರಿದ್ರೆ ಮದುವೆ ಇಲ್ವಾ?"

"ಅದ್ನ ಆಮೇಲೆ ಹೇಳ್ತೀನಿ. ಮೊದ್ಲು ನಡೆದು ಬಾ."

ಪುಟ್ಟಾಜಿ ಅಪ್ಪನ ಹತ್ತಿರ ಹೋದಳು. "ಅಪ್ಪಾಜಿ, ಮೂವರಲ್ಲಿ ಒಬ್ಬರನ್ನ ಆರಿಸ್ತೀನಿ. ಆದ್ರೆ ಒಬ್ಬೊಬ್ಬರ ಜೊತೆ ಒಂದೊಂದು ದಿನ ಗವಿಯಿಂದ ಅರಮನೆ ಒಲೆ ತನಕ ಕೆಂಡ ಹೊತ್ತು ನಡೀತೀನಿ. ಇಷ್ಟು ಅಪ್ಪಣೆ ಕೊಡಿ."

ಪಕ್ಕದಲ್ಲಿದ್ದ ಸಿಂಗಾರಯ್ಯ ಬೆಚ್ಚಿದ. "ಮಹಾಸ್ವಾಮಿ, ಅದು ಕಾಡುಜನರ ಪದ್ಧತಿ! ನಮ್ಮ ಮಾನ ಏನಾಗಬೇಕು?"

ರಾಜನ ಕಣ್ಣ ಮುಂದೆ ದೊಡ್ಡಾಜಿಯ ಮುಖ ಬಂತು. "ನಡೀಲಿ ಬಿಡು ಸಿಂಗಾರಯ್ಯ," ಎಂದ. "ಮೂರು ದಿನ ತಾನೇ."

ಸಿಂಗಾರಯ್ಯನಿಗೆ ಇದ್ದದ್ದು ಒಬ್ಬ ಸೋದರಳಿಯ, ಬೇಕಾದದ್ದು ಮೂವರು ರಾಜಕುಮಾರರು. ಮೀಸೆ, ಗಡ್ಡ, ಅಂಟು, ಮೂರು ಪೇಟ, ಎಲ್ಲ ಹೊಂದಿಸಿದ.

ಮೊದಲನೆಯ ದಿನ ಕೆಂಪು ಪೇಟದ ರಾಜಕುಮಾರ ಬಂದ. ದಾರಿಯುದ್ದಕ್ಕೂ ತನ್ನ ಆನೆ ಎಷ್ಟು, ಕುದುರೆ ಎಷ್ಟು ಎಂದು ಹೇಳಿದ. ಊದು ಎಂದರೆ ಊದಲಿಲ್ಲ. ಅವನ ಸರದಿ ಬಂದಾಗ ಎಲೆ ಬಿಚ್ಚಿ, ಲಾಡು ಹಿಡಿದಂತೆ ಗಬಕ್ಕನೆ ಹಿಡಿದ. ಹೆಬ್ಬೆರಳು ಸೀದಾ ಕೆಂಡಕ್ಕೆ ತಾಗಿತು. "ಅಯ್ಯಮ್ಮಾ!" ಎಂದು ಎಸೆದ. ಕೆಂಡ ಹಳ್ಳದ ನೀರಿಗೆ ಬಿದ್ದು ಚುಯ್ಯೆಂದಿತು.

"ನೀನು ಸರಿಯಾಗಿ ಕೊಡಲಿಲ್ಲ, ಅದಕ್ಕೇ ಹೀಗಾಯ್ತು!" ಎಂದು ಅವಳ ಮೇಲೆ ರೇಗಿದ.

ಸಂಜೆ ಬೊಮ್ಮಜ್ಜಿ ಕೇಳಿದಳು, "ಹುಡುಗ ಹೆಂಗಿದ್ದ?"

"ಚಿಗುರು ಮೀಸೆ, ಕೆಂಪು ಪೇಟ."

"ಕೈ ಹೆಂಗಿತ್ತು?"

"ನೋಡಲಿಲ್ಲ ಅಜ್ಜಿ. ಬಲಗೈ ಹೆಬ್ಬೆರಳು ಸುಟ್ಕೊಂಡ, ಅಷ್ಟು ಗೊತ್ತು."

"ನಾಳೆಯಿಂದ ಮುಖ ನೋಡ್ಬೇಡ. ಕೈ ನೋಡು," ಎಂದಳು ಮುದುಕಿ.

ಎರಡನೆಯ ದಿನ ಹಳದಿ ಪೇಟದ ಗಡ್ಡದ ರಾಜಕುಮಾರ ಬಂದ. ಶಲ್ಯದೊಳಗಿನಿಂದ ಬಲಗೈ ತೆಗೆಯಲೇ ಇಲ್ಲ. "ನೀನೇ ಹೊತ್ಕೊ," ಎಂದು ಹಿಂದೆ ಹಿಂದೆ ಬಂದ. ಬೆಟ್ಟದ ಬೋಳು ತಿರುವಿನಲ್ಲಿ ಗಾಳಿ ಬೀಸಿತು. ಅಡ್ಡ ನಿಲ್ಲು ಎಂದರೆ ಅವಳ ಬೆನ್ನ ಹಿಂದೆ ತಾನೇ ಅಡಗಿಕೊಂಡ. ಕೆಂಡ ಆರಿತು.

"ಲದ್ದಿ ಸರಿಯಿಲ್ಲ," ಎಂದ. "ಯಾವ ಬಡಕಲು ಆನೆಯದೋ ಏನೋ!"

ಹಾಗೆನ್ನುತ್ತ ಪೇಟದೊಳಗೆ ತುರಿಕೆಯಾಗಿ, ಮರೆತು ಬಲಗೈ ಎತ್ತಿ ತಲೆ ಕೆರೆದುಕೊಂಡ. ಪುಟ್ಟಾಜಿ ನೋಡಿದಳು. ಹೆಬ್ಬೆರಳ ಮೇಲೆ ಹುಣಸೆ ಬೀಜದಷ್ಟು ಬೊಬ್ಬೆ. ಅದರ ಮೇಲೆ ಬೆಳ್ಳಗೆ ಸುಣ್ಣದ ತಿಳಿ, ಕೊಬ್ಬರಿ ಎಣ್ಣೆ. ಬೆಳಗ್ಗೆ ತಾನೇ ಪಡುವಲ ಸೀಮೆಯಿಂದ ಬಂದವನಿಗೆ ಸುಣ್ಣದಕೋಟೆಯ ಮದ್ದು ಹಚ್ಚಿದವರು ಯಾರು? ಇವತ್ತು ಅವನು ಕೆಂಡವನ್ನು ಮುಟ್ಟೇ ಇಲ್ಲವಲ್ಲ!

ಮೂರನೆಯ ದಿನ ಹಸುರು ಪೇಟದವನು ಬಂದ. ಮೂರು ಕಡೆ ನೆರಳು ಹುಡುಕಿ ಕೂತ. ಪುಟ್ಟಾಜಿ ಇಬ್ಬರಿಗೆಂದು ತಂದಿದ್ದ ರೊಟ್ಟಿಗಳನ್ನು ಒಬ್ಬನೇ ತಿಂದ. ಅವನು ರೊಟ್ಟಿ ಮುರಿಯುವಾಗ ಅವಳು ಕೈಯನ್ನೇ ನೋಡುತ್ತಿದ್ದಳು. ಬೊಬ್ಬೆ ಒಡೆದು ಕೆಂಪಗಾಗಿತ್ತು. ಕಿರುಬೆರಳು ಸ್ವಲ್ಪ ಸೊಟ್ಟ. ನಿನ್ನೆಯವನದೂ ಸೊಟ್ಟವಾಗಿಯೇ ಇತ್ತು. ಅಷ್ಟರಲ್ಲಿ ಕೆಂಡ ಬೂದಿಯಾಗಿತ್ತು.

"ಆ ಮುದುಕಿ ಹಳೇ ಕೆಂಡ ಕೊಟ್ಟಿದಾಳೆ," ಎಂದ ಹಸುರು ಪೇಟದವನು, ಬಾಯಿ ಒರೆಸಿಕೊಳ್ಳುತ್ತ.

ಪುಟ್ಟಾಜಿಗೆ ಮೊದಲು ನಗು ಬಂತು. ಮೂವರೂ ಒಬ್ಬನೇ! ಆಮೇಲೆ ನಗು ನಿಂತಿತು. ಭಯವಾಗುವ ಜಾಗ ಒಂದಿದೆ ಎಂದೆನಲ್ಲ, ಅದು ಇದೇ. ಬೆಳಗಾದರೆ ಧಾರೆ. ಯಾರನ್ನು ಆರಿಸಿದರೂ ಇವನೇ ಗಂಡ. ಒಪ್ಪಿದ ಮೇಲೆ ಮಾತು ಮುಗಿಯಿತು. ಮೋಸ ಎಂದು ಕೂಗಿದರೆ, ಮೂರು ಪಟ ಮೂರು ಥರ ಇವೆಯಲ್ಲ ಎಂದು ಸಿಂಗಾರಯ್ಯ ತೋರಿಸುತ್ತಾನೆ. ಮುಖವನ್ನೇ ನಂಬುವ ಊರಿನಲ್ಲಿ ಹೆಬ್ಬೆರಳ ಮಾತು ಕೇಳುವವರು ಯಾರು?

ಅವಳು ಓಡಿಹೋಗಿ ಬೊಮ್ಮಜ್ಜಿಯ ಸೆರಗು ಹಿಡಿದಳು. "ಅಜ್ಜಿ, ನಾನು ಅಕ್ಕನ ಥರ ಆಗಿಬಿಡ್ತೀನಿ!"

"ಅಳ್ಬೇಡ ಮಗ. ಊರೋರಿಗೆ ಕೈ ನೋಡೋದು ಮರೆತು ಹೋಗಿದೆ. ನೀನು ನೋಡೋ ಹಂಗೆ ಮಾಡು. ಗವಿ ಗೋಡೆ ನೆನಪೈತಾ?"

ಪುಟ್ಟಾಜಿ ಕಣ್ಣು ಒರೆಸಿಕೊಂಡಳು. ನೆನಪಿತ್ತು. ಮೂವರನ್ನೂ ಒಟ್ಟಿಗೆ ಕರೆದರೆ ಸಿಂಗಾರಯ್ಯ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಾನೆ ಎಂಬುದೂ ಗೊತ್ತಿತ್ತು.

ಮರುದಿನ ಬೆಳಗ್ಗೆ ಸಭೆ ಕೂಡಿತು. ಮದುವೆಗೆಂದು ಗೋಡೆಗಳಿಗೆಲ್ಲ ಹೊಸ ಸುಣ್ಣ ಬಳಿದಿದ್ದರು. ರಾಜ ಕೇಳಿದ, "ಯಾರಮ್ಮ, ಮಗಳೇ?"

ಪುಟ್ಟಾಜಿ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿ ತಂದಿದ್ದಳು. "ಅಪ್ಪಾಜಿ, ಮೂವರೂ ಬಂದು ಈ ಗೋಡೆ ಮೇಲೆ ಬಲಗೈ ಒತ್ತಿ ಹೋಗಲಿ. ಒಟ್ಟಿಗೆ ಬರೋದು ಬೇಡ, ಒಬ್ಬೊಬ್ಬರಾಗಿ ಬರಲಿ. ಒತ್ತಿದವರಲ್ಲಿ ಒಬ್ಬರನ್ನ ಆರಿಸ್ತೀನಿ."

ಒಬ್ಬೊಬ್ಬರಾಗಿ ಎಂದ ಕೂಡಲೇ ಸಿಂಗಾರಯ್ಯನಿಗೆ ಹೋದ ಜೀವ ಬಂದಂತಾಯಿತು. ಒಟ್ಟಿಗೆ ನಿಲ್ಲಿಸಿ ಎಂದಿದ್ದರೆ ಕೆಟ್ಟೆ, ಇದೇನು, ಕೈ ತಾನೇ! ಜನ್ಮದಲ್ಲಿ ಒಂದು ಕೈ ಬರೆದವನಲ್ಲ, ಒಂದು ಕೈ ನೋಡಿದವನಲ್ಲ. ಕೈಗೂ ಕೈಗೂ ಏನು ವ್ಯತ್ಯಾಸ ಎಂದುಕೊಂಡ. "ಆಗಬಹುದು ಮಹಾಸ್ವಾಮಿ," ಎಂದು ನಡು ಬಗ್ಗಿಸಿದ.

ಕೆಂಪು ಪೇಟ ಬಂತು, ಒತ್ತಿತು, ಹೋಯಿತು. ಸ್ವಲ್ಪ ಹೊತ್ತಿಗೆ ಹಳದಿ ಪೇಟ ಬಂತು, ಒತ್ತಿತು, ಹೋಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಹಸುರು ಪೇಟ ಬಂತು, ಒತ್ತಿತು, ಹೊರಡುವುದರಲ್ಲಿತ್ತು.

"ನಿಂತ್ಕೊಳ್ಳಿ," ಎಂದಳು ಪುಟ್ಟಾಜಿ. "ಅಪ್ಪಾಜಿ, ಗೋಡೆ ಹತ್ತಿರ ಬನ್ನಿ."

ರಾಜ ಎದ್ದು ಬಂದ. ಬೆಳ್ಳನೆ ಗೋಡೆಯ ಮೇಲೆ ಮೂರು ಕೆಂಪು ಹಸ್ತ. ಮೂರಕ್ಕೂ ಕಿರುಬೆರಳು ಸೊಟ್ಟ. ಮೂರರಲ್ಲೂ ಹೆಬ್ಬೆರಳ ನಡುವೆ ಹುಣಸೆ ಬೀಜದಷ್ಟು ಜಾಗ ಬಿಳಿಯಾಗಿಯೇ ಉಳಿದಿತ್ತು. ನೋವಿಗೆ ಅಲ್ಲಿ ಒತ್ತಿರಲಿಲ್ಲ. ರಾಜ ತನ್ನ ಕೈಯನ್ನು ಪಕ್ಕದಲ್ಲಿಟ್ಟು ನೋಡಿದ. ಮಂತ್ರಿಯ ಕೈಯನ್ನು ಹಿಡಿದು ನೋಡಿದ. ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ! ಗೋಡೆಯ ಮೇಲಿನ ಮೂರು ಮಾತ್ರ ಒಂದೇ.

"ಸಿಂಗಾರಯ್ಯ," ಎಂದ ರಾಜ. "ಮೂರು ಸೀಮೆ, ಮೂರು ಪೇಟ. ಕೈ ಮಾತ್ರ ಒಂದೇನಾ?"

ಸಿಂಗಾರಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಏನೋ ಹೇಳಲು ಹೊರಟ. ಅಷ್ಟರಲ್ಲಿ ಜಂಬಣ್ಣನೇ ಪೇಟ ಕಿತ್ತು ಕೆಳಗಿಟ್ಟ, ಕೆನ್ನೆ ಮೀಸೆ ಕಿತ್ತ, ಪರಪರ ತಲೆ ಕೆರೆದುಕೊಂಡ.

"ಸಾಕು ಮಾವ, ನನ್ನ ಕೈಲಾಗಲ್ಲ. ಮೂರು ದಿನದಿಂದ ಅಂಟು ಹಚ್ಚಿ ಹಚ್ಚಿ ಮುಖವೆಲ್ಲ ಉರೀತಿದೆ. ನಂಗೆ ಸಿಂಹಾಸನ ಬೇಡ, ಒಂದು ಚೊಂಬು ಮಜ್ಜಿಗೆ ಕೊಡ್ಸಿ ಸಾಕು. ಬುದ್ಧೀ, ತಪ್ಪಾಯ್ತು!"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ರಾಜ ನಗಲಿಲ್ಲ. ಅವನು ಇನ್ನೂ ಗೋಡೆಯನ್ನೇ ನೋಡುತ್ತಿದ್ದ. "ಮೂರು ವರ್ಷದ ಹಿಂದೆ ಒಂದು ಕೈ ನೋಡಿದ್ರೆ ಸಾಕಿತ್ತು," ಎಂದ, ಮೆಲ್ಲಗೆ. ಆಮೇಲೆ ದನಿ ಏರಿಸಿದ. "ಕೇಳಿ ಎಲ್ಲರೂ! ಪಟ ಒಪ್ಪಿದ ಮೇಲೂ ಮಾತು ಮುಗಿಯೋದಿಲ್ಲ. ಇವತ್ತಿಗೆ ಆ ಕಟ್ಟಳೆ ತೆಗೆದೆ. ಪಲ್ಲಕ್ಕಿ ಹೊರಡಲಿ, ಜೊತೆಗೆ ನೂರು ಜನ ಸಿಪಾಯಿಗಳು ಹೋಗಲಿ. ನನ್ನ ದೊಡ್ಡ ಮಗಳನ್ನ ಕರ್ಕೊಂಡು ಬನ್ನಿ."

ಸಿಂಗಾರಯ್ಯನಿಗೆ ಏನು ಶಿಕ್ಷೆ ಅಂತೀರಾ? ತಲೆ ತೆಗೆಯಲಿಲ್ಲ, ಗಡೀಪಾರೂ ಮಾಡಲಿಲ್ಲ. ಬೊಮ್ಮಜ್ಜಿಯ ಕೈಕೆಳಗೆ ನಲವತ್ತು ಒಲೆಗಳಿಗೆ ಕೆಂಡ ಹಾಕುವ ಕೆಲಸ ಕೊಟ್ಟರು. ತಿಂಗಳೊಳಗೆ ಅವನ ಹತ್ತು ಬೆರಳಿಗೂ ಸುಣ್ಣ, ಎಣ್ಣೆ. ಜಂಬಣ್ಣ ಅಡುಗೆಮನೆಯಲ್ಲೇ ಉಳಿದ. ರುಚಿ ನೋಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಹೆಸರು ತೆಗೆದುಕೊಂಡ.

ಸಿಪಾಯಿಗಳು ಹೊರಟ ಮೂರನೆಯ ದಿನ ದೊಡ್ಡಾಜಿಯ ಪಲ್ಲಕ್ಕಿ ಬಂತು. ಅವಳು ಇಳಿದು ನೇರ ಒಳಗೆ ಹೋಗಿ, ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿ ತಂಗಿಯ ತೊಡೆ ಮೇಲೆ ತಲೆಯಿಟ್ಟು ಮಲಗಿದಳು. ಹಗಲೆಲ್ಲ ಮಲಗಿದಳು. ಯಾರೂ ಎಬ್ಬಿಸಲಿಲ್ಲ. ಎದ್ದ ಮೇಲೆ ಮೊದಲು ಕೇಳಿದ್ದು, "ಪುಟ್ಟೂ, ನೀನು ತಪ್ಪಿಸ್ಕೊಂಡ್ಯಾ?"

"ತಪ್ಪಿಸ್ಕೊಂಡೆ ಅಕ್ಕ. ನೀನೂ ತಪ್ಪಿಸ್ಕೊಂಡೆ."

ಇಬ್ಬರೂ ಅತ್ತರು. ಅದು ಬೇರೆ ಥರದ ಅಳು, ಹೊಟ್ಟೆಯೊಳಗಿನ ಕಲ್ಲು ಕೆಳಗಿಳಿದಾಗ ಬರುತ್ತದಲ್ಲ, ಅದು. ಬಾಗಿಲಲ್ಲಿ ನಿಂತಿದ್ದ ರಾಜ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಇನ್ನೂ ಕಥೆ ಮುಗಿದಿಲ್ಲ, ಏಳಬೇಡಿ. ಪುಟ್ಟಾಜಿಗೆ ಮದುವೆ ಆಯಿತೋ ಇಲ್ಲವೋ ಎಂದು ನಿಮಗೆ ಗೊತ್ತಾಗಬೇಡವೇ?

ಕೆಟ್ಟದಾಗಿ ಬರೆದ ನೂರ ತೊಂಬತ್ತೇಳು ಪಟಗಳನ್ನೂ ಅವರವರಿಗೆ ತಿರುಗಿ ಕೊಟ್ಟು ಕ್ಷಮೆ ಕೇಳಬೇಕೆಂದು ರಾಜ ಹೇಳಿದ. ತಮ್ಮ ತಮ್ಮ ಪಟ ನೋಡಿದವರು ಬೈದುಕೊಂಡು ಹೋದರು. ಬಡಗಲ ಸೀಮೆಯಿಂದ ಒಬ್ಬ ಬಂದ, ಪಾಳೆಯಗಾರನ ಮಗ, ಹೆಸರು ಎರೆಯ. ಸಿಂಗಾರಯ್ಯ ಅವನಿಗೆ ಬರೆದಿದ್ದು ಮೆಳ್ಳೆಗಣ್ಣು. ನಿಜವಾಗಿ ಕಣ್ಣು ಸರಿಯಾಗಿಯೇ ಇದ್ದವು. ಅವನು ಪಟ ನೋಡಿ ಜೋರಾಗಿ ನಕ್ಕ.

"ಮುಖ ಹೆಂಗಾದ್ರೂ ಇರಲಿ, ಹಲಗೆ ಗಟ್ಟಿ ಇದೆ," ಎಂದ. "ನಮ್ಮ ಕರುವಿನ ಕೊಟ್ಟಿಗೆ ಬಾಗಿಲು ಮುರಿದಿದೆ, ಆಗುತ್ತೆ. ಒಂದು ಕಡೆ ಸ್ವಲ್ಪ ಹಿಡೀತೀರಾ?"

ಅಲ್ಲೇ ನಿಂತಿದ್ದ ಪುಟ್ಟಾಜಿ ಹಿಡಿಯಲು ಹೋದಳು. "ಒಂದು ನಿಮಿಷ," ಎಂದು ಅವನು ತಡೆದ. ಹಲಗೆಯ ಆ ಅಂಚಿನ ಮೇಲೆ ಮೊದಲು ತಾನೇ ಅಂಗೈ ಆಡಿಸಿದ. ಸಿಬಿರು ಇದ್ದ ಕಡೆ ಕಿತ್ತು ಬಿಸಾಡಿದ. "ಈಗ ಹಿಡೀರಿ," ಎಂದ.

ಅವನ ಮುಖ ಹೇಗಿತ್ತು ಎಂದು ಆಮೇಲೆ ಬೊಮ್ಮಜ್ಜಿ ಕೇಳಿದರೆ, ಪುಟ್ಟಾಜಿಗೆ ನೆನಪೇ ಇರಲಿಲ್ಲ.

ಒಂದು ವಾರ ಬಿಟ್ಟು ಇಬ್ಬರೂ ಕೆಂಡ ಹೊತ್ತು ನಡೆದರು. ಅವನು ಹೊತ್ತಾಗ ಅವಳು ಗಾಳಿಗೆ ಅಡ್ಡ ನಿಂತಳು, ಅವಳು ಹೊತ್ತಾಗ ಅವನು. ರೊಟ್ಟಿ ಮುರಿದು ಹಂಚಿಕೊಂಡರು. ಅವನು ಕರುವಿನ ಕಥೆ ಹೇಳಿದ, ಅವಳು ಹಸುರು ಪೇಟದ ಕಥೆ ಹೇಳಿದಳು. ನಗುವಿನಲ್ಲಿ ಊದುವುದು ಮರೆತೇಹೋಯಿತು. ಹಳ್ಳದ ಹತ್ತಿರ ಎಲೆ ಬಿಚ್ಚಿ ನೋಡಿದರೆ, ಬೂದಿ.

ಪುಟ್ಟಾಜಿಯ ಮುಖ ಸಣ್ಣಗಾಯಿತು. ಆರಿಹೋಯಿತಲ್ಲ!

ಎರೆಯ ತಲೆ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ, ನನ್ನ ಸರದಿ. ಮಾತಾಡ್ತಾ ಮರೆತೆ."

"ಇಲ್ಲ, ಆ ತಿರುವಿನಿಂದ ಈಚೆಗೆ ನನ್ನ ಸರದಿ ಇತ್ತು," ಎಂದಳು ಪುಟ್ಟಾಜಿ.

"ಹೊತ್ತು ಇನ್ನೂ ಇದೆಯಲ್ಲ. ಹಿಂದಕ್ಕೆ ಹೋಗಿ ಇನ್ನೊಂದು ತರೋಣವಾ?"

ಇಬ್ಬರೂ ತಿರುಗಿ ಬೆಟ್ಟ ಹತ್ತಿದರು. ಗವಿಯ ಬಾಗಿಲಲ್ಲಿ ಬೊಮ್ಮಜ್ಜಿ ಇನ್ನೊಂದು ಕೆಂಡ ಸಿದ್ಧ ಮಾಡಿಟ್ಟುಕೊಂಡೇ ಕೂತಿದ್ದಳು.

"ಅಜ್ಜಿ, ಆರಿಹೋಯ್ತು," ಎಂದಳು ಪುಟ್ಟಾಜಿ. "ಆರಿದ್ರೆ ಏನು ಅಂತ ನೀನು ಹೇಳಲೇ ಇಲ್ಲ."

"ಆರದೇ ಇರೋ ಕೆಂಡ ಎಲ್ಲೈತವ್ವ? ಎಲ್ಲರದೂ ಒಂದಲ್ಲ ಒಂದು ಸಲ ಆರ್ತದೆ, ನಂದೂ ಆರಿತ್ತು. ಆರಿದಾಗ ಏನ್ ಮಾಡ್ತಾರೆ ಅಂತ ನೋಡೋಕೇ ಈ ಪದ್ಧತಿ. ಆ ಜಂಬಣ್ಣ ಒಂದಿನ ನಿನ್ನ ಬೈದ. ಒಂದಿನ ಲದ್ದಿ ಬೈದ. ಒಂದಿನ ನನ್ನ ಬೈದ. ಇವ್ನು ಯಾರನ್ನ ಬೈದ?"

"ಯಾರನ್ನೂ ಬೈಲಿಲ್ಲ," ಎಂದಳು ಪುಟ್ಟಾಜಿ. "ಬೆಟ್ಟ ಹತ್ತಿದ."

"ಹಂಗಾದ್ರೆ ಹಿಡ್ಕೊ," ಎಂದು ಮುದುಕಿ ಹೊಸ ಕೆಂಡ ಕೊಟ್ಟಳು.

ಎರಡನೆಯ ಕೆಂಡ ಅರಮನೆ ಒಲೆ ಸೇರಿತು. ಆ ಒಲೆಯಲ್ಲೇ ಮದುವೆಯ ಪಾಯಸ ಕುದಿಯಿತು. ರುಚಿ ನೋಡಿದವನು ಜಂಬಣ್ಣ, ಒಂದು ಸೌಟು ಹೆಚ್ಚೇ ನೋಡಿದ. ಧಾರೆಯಾದ ಮೇಲೆ ಗಂಡಹೆಂಡಿರು ಗವಿಗೆ ಹೋಗಿ ಗೋಡೆಗೆ ಜೋಡಿ ಹಸ್ತ ಒತ್ತಿ ಬಂದರು. ದೊಡ್ಡಾಜಿ ಪಟಸಾಲೆಯ ಹಗ್ಗಗಳನ್ನೆಲ್ಲ ಬಿಚ್ಚಿಸಿ, ಅಲ್ಲಿ ತೌರಿಗೆ ತಿರುಗಿ ಬಂದ ಹೆಣ್ಣುಮಕ್ಕಳಿಗೆ ಮನೆ ಮಾಡಿಕೊಟ್ಟಳು. ಉಯ್ಯಾಲೆ ಮಾತ್ರ ಹಾಗೇ ಇಟ್ಟಳು. ಸುಮ್ಮನೆ ಆ ಕಡೆ ಈ ಕಡೆ ತೂಗಿಕೊಳ್ಳಲು.

ಈಗ ನೀತಿ ಹೇಳುತ್ತೇನೆ ಕೇಳಿ. ಫೋನಿನಲ್ಲಿ ಹುಡುಕಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆಂದರೆ ಯಾರು ಕೇಳುತ್ತೀರಿ? ಗವಿಯ ಕಾಲ ಸ್ವರ್ಗವಾಗಿತ್ತು ಎಂದೂ ಹೇಳುವುದಿಲ್ಲ. ಹುಲಿ ಇತ್ತು, ಹಸಿವಿತ್ತು, ಚಳಿಯಿತ್ತು. ಹುಡುಕುವುದು ಎಲ್ಲಾದರೂ ಹುಡುಕಿ. ಆದರೆ ಬೇರೆಯವರು ತಂದಿಡುವ ಕಾಫಿ ಕುಡಿದು, ಎದುರಾ ಬದುರಾ ಕೂತು ಮುಖ ನೋಡಿ ಎದ್ದು ಬರಬೇಡಿ. ಇಬ್ಬರೂ ಸೇರಿ ಏನಾದರೂ ಹೊತ್ತು ಸ್ವಲ್ಪ ದೂರ ನಡೆಯಿರಿ. ಕೆಲಸ ಕೆಟ್ಟಾಗ ಅವರ ಕೈ ಏನು ಮಾಡುತ್ತದೆ, ಬಾಯಿ ಯಾರನ್ನು ಬೈಯುತ್ತದೆ ನೋಡಿ. ಮುಖ ನೋಡಿ ಮರುಳಾದವರು ಕೆಟ್ಟರು. ಕೈ ನೋಡಿ ಕೈಹಿಡಿದವರು ಬಾಳಿದರು.

ಅವರ ಒಲೆ ಅಲ್ಲಿ ಉರಿಯುತ್ತಿರಲಿ, ನಮ್ಮ ಒಲೆ ಇಲ್ಲಿ. ಏಳಿ, ಊಟದ ಹೊತ್ತಾಯಿತು. ತಟ್ಟೆ ಯಾರು ಯಾರು ಹಾಕುತ್ತೀರಿ, ನಾನು ಇಲ್ಲೇ ಕೂತು ನೋಡುತ್ತಿರುತ್ತೇನೆ.